ಬಾಯಿಗುರುತು

ಆ ಗುರುವಾರ ಬೆಳಗ್ಗೆ ಹತ್ತರ ಹೊತ್ತಿಗೆ ಶಿವಗಂಗವ್ವನ ದನಿ ನಾಲ್ಕು ಲಕ್ಷ ಜನರ ಕಿವಿ ಮುಟ್ಟಿತ್ತು. ಎಪ್ಪತ್ತೆಂಟರ ಆ ಹೆಂಗಸಿಗೆ ಇದರ ಪರಿವೆಯೇ ಇರಲಿಲ್ಲ. ಹಳೇ ಹುಬ್ಬಳ್ಳಿಯ ರೊಟ್ಟಿ ಕೇಂದ್ರದಲ್ಲಿ, ತನ್ನ ಎಂದಿನ ಜಾಗದಲ್ಲಿ ಕುಳಿತು ಜೋಳದ ಹಿಟ್ಟು ನಾದುತ್ತಿದ್ದಳು. ಬೆವರುತ್ತಿದ್ದವಳು ಅವಳ ಸೊಸೆ.

ಸೊಸೆ ನೀಲಾ, ಅಂದರೆ ಅಂಗಡಿ ಮನೆತನದ ನೀಲಾಂಬಿಕಾ, ನಿಂತಿದ್ದು ಊರಿನ ಇನ್ನೊಂದು ತುದಿಯಲ್ಲಿ, ಒಂದು ಕಾಲಕ್ಕೆ ಹತ್ತಿಯ ಗಿರಣಿಯಾಗಿದ್ದ ತನ್ನ ಕಚೇರಿಯಲ್ಲಿ. ಎದುರಿಗೆ ಎಳೆಗೋಡೆ. ರಾಜ್ಯದಲ್ಲಿ ಬಾಯಿಂದ ಬಾಯಿಗೆ ಹೋಗುವ ಪ್ರತಿ ಸುದ್ದಿಯೂ ಆ ಗೋಡೆಯ ಮೇಲೆ ಒಂದು ಬೆಳಕಿನ ಎಳೆಯಾಗಿ ಮೂಡುತ್ತಿತ್ತು. ಇಂದು ಅಂಥ ಒಂದು ಎಳೆ ಕೊಂಬೆಯೊಡೆದು, ಕೊಂಬೆಗೆ ಕೊಂಬೆ ಹುಟ್ಟಿ, ಗೋಡೆಯ ಮುಕ್ಕಾಲು ಪಾಲು ನುಂಗಿಕೊಂಡು ನಿಂತಿತ್ತು. ಬುಡದಲ್ಲಿ ಒಂದೇ ಒಂದು ಚುಕ್ಕಿ.

"ಒತ್ತಲೇನು, ನೀಲಕ್ಕಾ?" ಎಂದಳು ಫರ್ಜಾನಾ ಮುಲ್ಲಾ. ಎರಡು ಮೇಜಿನ ಬಾಡಿಗೆ ಕೋಣೆಯ ಕಾಲದಿಂದಲೂ ನೀಲಾಳ ಜೊತೆಗಿದ್ದ ಎಂಜಿನಿಯರ್ ಅವಳು. ಈ ಗೋಡೆಯ ಒಂದೊಂದು ತಂತಿಯೂ ಅವಳ ಕೈಯಲ್ಲಿ ಹುಟ್ಟಿದ್ದು.

"ಒತ್ತು."

ಚುಕ್ಕಿ ಮಾತಾಡಿತು: "ನಾ ಶಿವಗಂಗವ್ವ ಅಂಗಡಿ. ಮಂಜುಗೋಪುರದ ನೀರು ಕುಡದ್ರ ಬಾಣಂತಿ ಹಾಲು ಬತ್ತತಾವ. ಕಂಡೀನಿ."

ಆ ಕೊನೆಯ ಪದದ ಗಟ್ಟಿತನ ನೀಲಾಳಿಗೆ ಚೆನ್ನಾಗಿ ಗೊತ್ತಿತ್ತು. ಇಪ್ಪತ್ತೇಳು ವರ್ಷಗಳಲ್ಲಿ ಅತ್ತೆ ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡದ್ದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ.

ಮಂಜುಗೋಪುರಗಳು ಬಂದು ಎರಡು ವರ್ಷವಾಗಿತ್ತು. ಉಣಕಲ್ಲಿನ ದಿಬ್ಬದ ಮೇಲೆ ಸಾಲಾಗಿ ನಿಂತ ಹನ್ನೊಂದು ಗೋಪುರಗಳು ಗಾಳಿಯ ತೇವವನ್ನು ಹೀರಿ, ತಣಿಸಿ, ಊರಿಗೆಲ್ಲ ನೀರು ಕೊಡುತ್ತಿದ್ದವು. ವಾರಕ್ಕೊಮ್ಮೆ ನೀರು ಬರುತ್ತಿದ್ದ ಊರಿನಲ್ಲಿ ಹೆಂಗಸರು ನಲ್ಲಿಯನ್ನು ಬೇಕೆಂದಾಗ ತಿರುಗಿಸುವುದನ್ನು ರೂಢಿ ಮಾಡಿಕೊಂಡಿದ್ದರು. ಈಗ ನಾಲ್ಕು ದಿನದಿಂದ ಅದೇ ಹೆಂಗಸರು ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತಿದ್ದರು. ಟ್ಯಾಂಕರಿನವರು ಯಾವ ಹೊಂಡದಿಂದ ತುಂಬಿಕೊಂಡು ಬರುತ್ತಿದ್ದರೋ, ಮೂವರು ಬಾಣಂತಿಯರು ವಾಂತಿಭೇದಿಯಿಂದ ಆಸ್ಪತ್ರೆ ಸೇರಿದ್ದರು.

ಇದೆಲ್ಲ ನೀಲಾ ಕಟ್ಟಿದ 'ಬಾಯಿಗುರುತಿ'ನ ಮೂಲಕ ಆಗಿತ್ತು. ಇಂಥದ್ದು ಆಗಬಾರದು ಎಂದೇ ಅವಳು ಅದನ್ನು ಕಟ್ಟಿದ್ದಳು.

ಹಿಂದಿನದನ್ನು ಜನ ಈಗ ಬೆರಳಿನ ಕಾಲ ಎನ್ನುತ್ತಿದ್ದರು. ಆಗ ಒಂದು ಸುದ್ದಿಯನ್ನು ನೂರು ಜನಕ್ಕೆ ದಾಟಿಸಲು ಬೆರಳೊಂದು ಸಾಕಿತ್ತು. ಯಾರು ಹುಟ್ಟಿಸಿದರು, ಯಾರು ಹಬ್ಬಿಸಿದರು ಎಂದು ಕೇಳುವಂತಿರಲಿಲ್ಲ. ಬಾಯಿಗುರುತಿನಲ್ಲಿ ಬೆರಳಿಗೆ ಕೆಲಸವಿಲ್ಲ. ಸುದ್ದಿ ದಾಟಿಸಬೇಕಾದರೆ ಬಾಯಿ ತೆರೆಯಬೇಕು. ತನ್ನ ಹೆಸರು ಹೇಳಿ, ಕಂಡೆ ಅಥವಾ ಕೇಳಿದೆ ಅನ್ನಬೇಕು. ಹಾಗೆ ಅಂದವರ ದನಿಯ ಕಂಪನವೇ ಆ ಸುದ್ದಿಗೆ ಬೀಗವೂ ಆಗುತ್ತದೆ, ಕೀಲಿಯೂ ಆಗುತ್ತದೆ. ನಡುವಿನ ಒಂದು ದನಿಯನ್ನು ಕಿತ್ತರೆ ಇಡೀ ಸುದ್ದಿ ಪುಡಿಯಾಗಿ ಉದುರಿಹೋಗುತ್ತದೆ. ಕೇಳಿದೆ ಅಂದವರ ಹಿಂದೆ ಯಾರಿದ್ದಾರೆ ಎಂದು ಯಾರು ಬೇಕಾದರೂ ಒತ್ತಿ ಕೇಳಬಹುದು. ಕಂಡೆ ಅಂದರೆ ಮಾತ್ರ ಎಳೆ ಅಲ್ಲಿಗೇ ನಿಲ್ಲುತ್ತದೆ. ಕಣ್ಣಾರೆ ಕಂಡವರಿಗಿಂತ ಹಿಂದೆ ಹೋಗುವುದಾದರೂ ಎಲ್ಲಿಗೆ?

ಯಾವುದು ನಿಜ, ಯಾವುದು ಸುಳ್ಳು ಎಂದು ಹೇಳುವ ಯಂತ್ರ ಅದಲ್ಲ. ಯಾರ ಬಾಯಿ ಎಂದು ಹೇಳುವುದಷ್ಟೇ ಅದರ ಕೆಲಸ. ಅಷ್ಟಕ್ಕೇ ಏಳು ವರ್ಷದಲ್ಲಿ ರಾಜ್ಯದ ಅರ್ಧ ಗದ್ದಲ ಇಳಿದಿತ್ತು.

"ಅತ್ತಿ ಕಂಡಿರಾಕ ಸಾಧ್ಯ ಇಲ್ಲ," ಎಂದಳು ನೀಲಾ. "ಯಾರಿಂದನೋ ಕೇಳ್ಯಾರ. ಕಂಡೀನಿ ಅಂದಬಿಟ್ಟಾರ."

"ಹಂಗಿದ್ರ ಅವರ ಹಿಂದಿನ ಎಳಿ ಅವರ ದನಿಯೊಳಗ ಸಿಕ್ಕೊಂಡೈತಿ. ನಮ್ಮ ಕಡೆ ಅದಕ್ಕ ಕೀಲಿ ಇಲ್ಲ, ಅಕ್ಕಾ. ಯಾರ ಕಡೆನೂ ಇರಬಾರದು ಅಂತ ನೀವ ಅಂದಿದ್ರಿ."

ಫೋನು ಬಂದದ್ದು ಆಗಲೇ. ಬೆಂಗಳೂರಿನಿಂದ ಮಾಹಿತಿ ಇಲಾಖೆಯ ಕಾರ್ಯದರ್ಶಿ ಸುದರ್ಶನ್. ದನಿ ತಣ್ಣಗಿತ್ತು.

"ಮೇಡಂ, ಆದೇಶ ತಲುಪಿರಬೇಕು. ಇವತ್ತು ಸಂಜೆ ಐದು ಗಂಟೆಯೊಳಗೆ ಇಲಾಖೆಗೆ ಮೌನಕೀಲಿ ಕೊಡಬೇಕು. ನಾವು ಬೇಕಾದ ಎಳೆಯನ್ನು ಮುಚ್ಚುವ ಹಾಗಿರಬೇಕು, ದನಿ ಇಲ್ಲದೆಯೂ ಸುದ್ದಿ ಕಳಿಸುವ ಹಾಗಿರಬೇಕು. ಕೊಡದಿದ್ದರೆ ಐದಕ್ಕೆ ನಿಮ್ಮ ಜಾಲ ಬಂದ್."

"ಚುನಾವಣೆಗೆ ಆರು ದಿನ ಇದೆ ಸರ್. ಈಗಲೇ ಯಾಕೆ?"

"ಜನ ಆಸ್ಪತ್ರೆ ಸೇರಿದ್ದಾರೆ ಮೇಡಂ. ಸಚಿವರಿಗೆ ನಿಮ್ಮೂರಿನ ಬಗ್ಗೆ ಕಾಳಜಿ ಇದೆ, ಅವರ ಕ್ಷೇತ್ರ ಅಲ್ಲವೇ?" ನಗುವಿಗೆ ಹತ್ತಿರವಾದ ದನಿಯಲ್ಲಿ ಅವರು ಸೇರಿಸಿದರು: "ಮೊದಲ ಬಾಯಿ ನಿಮ್ಮ ಮನೆಯದೇ ಅಂತ ಕೇಳಿದೆ. ಆಕೆ ನಿಮ್ಮ ಅತ್ತೆ ಅಂತ ಸುದ್ದಿವಾಹಿನಿಯವರಿಗೆ ಇನ್ನೂ ತಿಳಿದಿಲ್ಲ ಅನ್ನಿಸುತ್ತೆ. ಕೀಲಿ ಕೈಗೆ ಬಂದರೆ ಮೊದಲು ಮುಚ್ಚುವ ಎಳೆ ಅದೇ ಆಗಬಹುದು."

ಮಾತು ಮುಗಿದ ಮೇಲೂ ನೀಲಾ ಫೋನು ಹಿಡಿದೇ ನಿಂತಿದ್ದಳು. ಬೆದರಿಕೆ ಅವಳಿಗೆ ಹೊಸದಲ್ಲ. ಹೊಸದಾಗಿದ್ದದ್ದು ಆಸೆ. ಒಂದು ಕೀಲಿ ಕೊಟ್ಟರೆ ಮನೆಯ ಮಾನ ಉಳಿಯುತ್ತದೆ, ಕಂಪನಿ ಉಳಿಯುತ್ತದೆ, ಅತ್ತೆಯ ಮುಂದೆ ನಿಂತು ಕೇಳಬಾರದ್ದನ್ನು ಕೇಳುವುದು ತಪ್ಪುತ್ತದೆ. ಬಾಯಿ ತೆರೆಯುವ ನಿಯಮವನ್ನು ಸಡಿಲಿಸಿ ಅಂದವರು ಮೊದಲೂ ಇದ್ದರು. ಬಂಡವಾಳ ಹೂಡುವವರ ಏಳು ಕೋಣೆಗಳಲ್ಲಿ ಅವಳನ್ನು ಒಂದೇ ಪ್ರಶ್ನೆ ಕೇಳಿದ್ದರು. "ಬಾಯಿ ತೆರೆದು ಹೇಳಬೇಕು ಅಂದರೆ ಎಷ್ಟು ಜನ ಕಳಿಸ್ತಾರೆ, ಮೇಡಂ?" "ಕಡಿಮೆ ಜನ." "ಮತ್ತೆ ಬೆಳೆಯೋದು ಹೇಗೆ?" "ನಿಧಾನವಾಗಿ," ಅಂದಿದ್ದಳು, ಏಳು ಬಾಗಿಲುಗಳೂ ಮೆಲ್ಲಗೆ ಮುಚ್ಚಿದ್ದವು. ಎಂಟನೆಯದು ಸ್ವಸಹಾಯ ಸಂಘಗಳ ಒಕ್ಕೂಟ. ಅಲ್ಲಿ ಯಾರೂ ಬೆಳೆಯುವ ಪ್ರಶ್ನೆ ಎತ್ತಲಿಲ್ಲ. "ನಮ್ಮ ಹುಡುಗ್ಯಾರ ಬಗ್ಗೆ ಸುಳ್ಳು ಹಬ್ಬಿಸಿದವರು ಸಿಗ್ತಾರೇನು?" ಎಂದಷ್ಟೇ ಕೇಳಿದ್ದರು.

"ಫರ್ಜಾನಾ, ಅತ್ತಿ ಬಾಯಿಬಿಟ್ಟು 'ಕಂಡಿಲ್ಲ, ಕೇಳೀನಿ' ಅಂದ್ರ ಏನಾಗ್ತೈತಿ?"

"ಏನೂ ಆಗಂಗಿಲ್ಲ. ಎಳಿಗೆ ಮುಂದಕ್ಕ ಹೋಗೋದಷ್ಟ ಕಲಿಸೀವಿ, ಹಿಂದಕ್ಕ ಬರೋದು ಕಲಿಸಿಲ್ಲ." ಫರ್ಜಾನಾ ಗೋಡೆ ನೋಡುತ್ತ ಕೂದಲು ಎತ್ತಿ ಕಟ್ಟಿಕೊಂಡಳು. ಅವಳು ದೊಡ್ಡ ಕೆಲಸಕ್ಕೆ ಇಳಿಯುವ ಮುನ್ನ ಹಾಗೆ ಮಾಡುತ್ತಿದ್ದಳು. "ಅದ ದನಿ ಮತ್ತ ಬಂದು ಕದ ತಟ್ಟಿದ್ರ ಬೀಗ ತೆಗೀಬೇಕು, ಅಷ್ಟ ಅಲ್ಲ? ತೆಗದು, ಹಿಂದಿನ ಎಳಿಗೆ ಕೂಡಬೇಕು. ಮುಂದ ಸುದ್ದಿ ಮುಟ್ಟಿದವರಿಗೆಲ್ಲ ಹೊಸ ಮಾತು ಮುಟ್ಟಬೇಕು. ಮೂರು ಗಂಟಿ ಹೊತ್ತಿಗೆ ಮಾಡಿಕೊಡ್ತೀನಿ. ಆದ್ರ ಆ ದನಿ ತರೋದು ನಿಮ್ಮ ಕೆಲಸ."

"ನಿಂದ ಸಸಾರ ಐತಿ ಬಿಡು, ನಂದ ಕಷ್ಟ," ಎಂದಳು ನೀಲಾ.

ರೊಟ್ಟಿ ಕೇಂದ್ರದ ಉದ್ದನೆಯ ಹಾಲ್‌ನಲ್ಲಿ ಇಪ್ಪತ್ತು ಒಲೆ, ನಲವತ್ತು ಹೆಂಗಸರು. ಒಂದೊಂದು ಒಲೆಗೆ ಇಬ್ಬರು, ಎದುರುಬದುರು: ಒಬ್ಬಳು ಬಡಿಯುವವಳು, ಒಬ್ಬಳು ಬೇಯಿಸುವವಳು. ಒಲೆ ಈಗ ಬಿಸಿಲಿನ ಶಾಖದಿಂದ ಉರಿಯುತ್ತಿತ್ತು, ಹೊಗೆಯಿಲ್ಲ. ಬಡಿಯುವ ಸದ್ದು ಮಾತ್ರ ಅದೇ. ಶಿವಗಂಗವ್ವನ ಎದುರಿಗೆ ನಲವತ್ತು ವರ್ಷಗಳಿಂದ ಬಸಲಿಂಗವ್ವ. ಮದುವೆಯಾಗಿ ಬಂದ ಹೊಸದರಲ್ಲಿ ನೀಲಾ ಕೂಡ ಎರಡು ವರ್ಷ ಇಲ್ಲಿ ಹಿಟ್ಟು ಜರಡಿ ಹಿಡಿದಿದ್ದಳು.

"ಕಂಪನಿಯವರು ಬಂದ್ರು, ಸರೀರಿ!" ಎಂದು ಯಾರೋ ಕೂಗಿದರು. ನಗು ಎದ್ದಿತು.

"ಅತ್ತಿ, ಒಂದೀಟು ಹೊರಗ ಬರ್ತೀರೇನು?"

"ಹೊರಗ ಹೇಳೋದೇನೈತಿ? ಇಲ್ಲೇ ಹೇಳು. ಹಿಟ್ಟು ಆರತೈತಿ."

ನೀಲಾ ನೆಲದ ಮೇಲೆ ಕುಳಿತಳು. ಹೇಳಿದಳು. ಗೋಡೆ, ಮರ, ಚುಕ್ಕಿ, ಆಸ್ಪತ್ರೆ, ಐದು ಗಂಟೆ. ಹೇಳುತ್ತ ಹೋದಂತೆ ಅಕ್ಕಪಕ್ಕದ ರೊಟ್ಟಿ ಬಡಿಯುವ ಸದ್ದು ಒಂದೊಂದಾಗಿ ನಿಂತಿತು.

ಶಿವಗಂಗವ್ವನ ಕೈ ಮಾತ್ರ ನಿಲ್ಲಲಿಲ್ಲ. "ಸುಳ್ಳು ಹೇಳೀನೇನು ನಾ? ಬಸಲಿಂಗಿ ಮೊಮ್ಮಗನ ಹೇಂತಿ ಮಡಿಲಾಗ ಕೂಸು ಹಸದು ಅಳೂದು ಈ ಕಣ್ಣಿಲೆ ಕಂಡೀನಿ."

"ಕೂಸು ಅಳೂದು ಕಂಡ್ರಿ, ಅತ್ತಿ. ನೀರಿನಿಂದ ಹಂಗಾತು ಅನ್ನೋದು?"

"ಅದನ್ನ ಬಸಲಿಂಗಿ ಹೇಳಿದ್ಲು."

"ಅವರು ಸುದ್ದಿ ಕಳಿಸುವಾಗ ಕೇಳೀನಿ ಅಂದಾರೋ, ಕಂಡೀನಿ ಅಂದಾರೋ?"

ಎದುರಿಗಿದ್ದ ಬಸಲಿಂಗವ್ವ ತಲೆ ಎತ್ತದೆ, "ಕೇಳೀನಿ ಅಂದೀನಿ," ಎಂದಳು. "ನನ್ನ ತಮ್ಮನ ಮಗ ಹೇಳಿದ್ದ, ಟ್ಯಾಂಕರ್ ಹೊಡಿತಾನಲ್ಲ, ಅಂವ."

"ಮತ್ತ ನೀವ್ಯಾಕ ಕಂಡೀನಿ ಅಂದ್ರಿ, ಅತ್ತಿ?"

ಮುದುಕಿ ಸೊಸೆಯನ್ನು ದಡ್ಡಿಯನ್ನು ನೋಡುವಂತೆ ನೋಡಿದಳು. "ಎರಡು ವರ್ಷ ಇಲ್ಲಿ ಕುಂತು ಏನ ಕಲತಿ ನೀನು? ಎದುರಿಗೆ ಕುಂತಾಕಿ ಮಾತಿಗೆ ಕೇಳೀನಿ ಅನ್ನೂದಿಲ್ಲ ನಾವು. ಆಕಿ ಕಂಡಿದ್ದು ನಾ ಕಂಡಿದ್ದ, ಆಕಿ ಕೇಳಿದ್ದೂ ನಾ ಕಂಡಿದ್ದ. ಹಿಂದ ಒತ್ತಿ ಕೇಳ್ತಾ ಕುಂತ್ರ ನಾಳಿಂದ ಆಕಿ ಮಾರಿ ಹೆಂಗ ನೋಡ್ಲಿ? ಒಂದ ಹಂಚಿನ ಮ್ಯಾಲ ಬೇಯಸ್ತೀವಿ ಇಬ್ರೂ."

ನೀಲಾಳಿಗೆ ಏನೋ ಕಳಚಿ ಬಿದ್ದಂತಾಯಿತು. ಕಂಡೀಯೋ ಕೇಳೀಯೋ ಎಂದು ಕೇಳುವ ಕೇಂದ್ರದ ಕಟ್ಟಳೆಯನ್ನು ಅವಳು ತೆಗೆದುಕೊಂಡು ಹೋಗಿ ಯಂತ್ರಕ್ಕೆ ಕಲಿಸಿದ್ದಳು. ಅದರ ಜೊತೆಗೇ ಇದ್ದ ಈ ವಿನಾಯಿತಿ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ನಲವತ್ತು ಹೆಂಗಸರಲ್ಲಿ ಅದು ನಂಬಿಕೆ. ನಾಲ್ಕು ಲಕ್ಷ ಜನರಲ್ಲಿ ಅದೇ ವಿಷ.

"ಒಂದ ಮಾತು ಹೇಳ್ರಿ ಸಾಕು ಅತ್ತಿ. ಕಂಡಿಲ್ಲ, ಕೇಳೀನಿ ಅಂತ."

"ಊರಿಗೆಲ್ಲ ಕೇಳೂ ಹಂಗ?"

"ಊರಿಗೆಲ್ಲ ಕೇಳೂ ಹಂಗ."

ಶಿವಗಂಗವ್ವ ಕೈಗಂಟಿದ ಹಿಟ್ಟನ್ನು ನಾದುವ ಅಗಲ ತಟ್ಟೆಯ, ಪರಾತದ, ಅಂಚಿಗೆ ಒರೆಸಿದಳು. "ಈ ಕಟ್ಟಳೆ ಯಾರು ಹಾಕಿದ್ದು ನೆಪ್ಪೈತೇನು ನಿನಗ?"

ನೀಲಾ ನೆಲಕ್ಕೆ ಉದುರಿದ ಹಿಟ್ಟನ್ನು ಬೆರಳಿನಿಂದ ಒಟ್ಟುಮಾಡತೊಡಗಿದಳು, ಅತ್ತೆಯೇ ಮುಂದುವರಿಸಿದಳು.

"ನಮ್ಮ ಕೂಡ ರೊಟ್ಟಿ ಬಡೀತಿದ್ದ ತಂಗೆವ್ವ ಕೇಂದ್ರದ ಹಿಟ್ಟು ಕದ್ದಾಳ ಅಂತ ಸುದ್ದಿ ಎದ್ದು, ಆಕಿ ಊರು ಬಿಟ್ಟು ಹೋದ ಮ್ಯಾಲ ಹಿಟ್ಟಿನ ಚೀಲ ಅಟ್ಟದಾಗ ಸಿಕ್ತು. ಅವತ್ತ ಹಾಕೀನಿ ನಾ ಇದನ್ನ. ಸುದ್ದಿ ತಂದಾಕಿ ಪರಾತ ಮುಟ್ಟಿ ಹೇಳ್ಬೇಕು, ಕಂಡೀಯೋ ಕೇಳೀಯೋ, ಕೇಳಿದ್ರ ಯಾರ ಬಾಯಿಂದ. ಮತ್ತ ಟೀವ್ಯಾಗ ಕುಂತು ನೀ ಏನ ಅಂದೀ? ರೈಲಿನ್ಯಾಗ ಹೋಗುವಾಗ ಕಿಟಕಿ ಹೊರಗ ನೋಡ್ತಾ ನಿನಗ ಹೊಳೀತಂತ. ನಾ ಇಲ್ಲೇ ಕುಂತು ನೋಡೀನಿ. ಇವರೆಲ್ಲಾ ನೋಡ್ಯಾರ. ನಿನ್ನ ಮಾನ ಹೋಗ್ತದಂತ ಯಾರೂ ಬಾಯಿ ಬಿಟ್ಟಿಲ್ಲ."



ರೈಲಿನ ಕಥೆಯನ್ನು ನೀಲಾ ಅದೆಷ್ಟು ಸಲ ಹೇಳಿದ್ದಳೆಂದರೆ ಆ ಬೆಳಗಿನ ಕಾಫಿಯ ವಾಸನೆ ಕೂಡ ಅವಳಿಗೆ ನೆನಪಿತ್ತು. ಮೊದಲ ಸಲ ಹೇಳಿದ್ದು ಬೆಂಗಳೂರಿನ ಒಂದು ವೇದಿಕೆಯ ಮೇಲೆ. ರೊಟ್ಟಿ ಕೇಂದ್ರ ಅಂದರೆ ನಗುತ್ತಾರೇನೋ ಎಂಬ ಅಳುಕಿನಲ್ಲಿ ಬಾಯಿಗೆ ಬಂದದ್ದು. ಕಂಪನಿ ಕಟ್ಟಿದವಳಿಗೆ ಒಂದು ಹುಟ್ಟಿನ ಕಥೆ ಬೇಕು, ಆ ಕಥೆಯಲ್ಲಿ ಅವಳೊಬ್ಬಳೇ ಇರಬೇಕು ಎಂದು ಆ ಜಗತ್ತು ಅವಳಿಗೆ ಕಲಿಸಿತ್ತು.

ಆದರೆ ನಿಜವಾದ ಹುಟ್ಟು ಬೇರೆ ಇತ್ತು. ಅದನ್ನು ಅವಳು ಗಂಡನಿಗೂ ಹೇಳಿರಲಿಲ್ಲ. ಬೆರಳಿನ ಕಾಲದಲ್ಲಿ, ಮೂವತ್ತೆರಡರ ವಯಸ್ಸಿನಲ್ಲಿ, ಅವಳು ವಾರ್ಡಿನ ಚುನಾವಣೆಗೆ ನಿಂತಿದ್ದಳು. ಮತದಾನಕ್ಕೆ ಮೂರು ದಿನ ಇರುವಾಗ ಯಾರೋ ಹುಟ್ಟಿಸಿದ ಒಂದು ಚಿತ್ರ ಊರೆಲ್ಲ ತಿರುಗಿತು. ಮುಖ ಅವಳದು, ಮೈ ಅವಳದಲ್ಲ. ಸೋತದ್ದಕ್ಕೆ ಅವಳು ಅತ್ತಿರಲಿಲ್ಲ. ಅದಾದ ಮೇಲೆ ತರಕಾರಿ ಸಂತೆಯಲ್ಲಿ, ಬಸ್ಸಿನಲ್ಲಿ, ಮಗಳ ಶಾಲೆಯ ಬಾಗಿಲಲ್ಲಿ ಎದುರಾದ ಪ್ರತಿ ಮುಖವನ್ನೂ ನೋಡಿ 'ನೀನೇನಾ?' ಎಂದು ಒಳಗೊಳಗೇ ಕೇಳಿಕೊಳ್ಳುತ್ತಿದ್ದಳಲ್ಲ, ಆ ಪ್ರಶ್ನೆ ಅವಳನ್ನು ತಿಂದುಹಾಕಿತ್ತು. ಆಗ ಮನೆಗೆ ಅನುಕಂಪ ಹೊತ್ತು ಬಂದ ಒಬ್ಬೊಬ್ಬರನ್ನೂ ಅತ್ತೆ ಹೊಸ್ತಿಲಲ್ಲೇ ನಿಲ್ಲಿಸಿಕೊಂಡಿದ್ದಳು. "ಕಂಡೀರೋ, ಕೇಳೀರೋ? ಕೇಳಿದ್ರ ಯಾರ ಬಾಯಿಂದ? ಹೆಸರು ಹೇಳಿ ಒಳಗ ಬರ್ರಿ." ಒಬ್ಬರೂ ಒಳಗೆ ಬಂದಿರಲಿಲ್ಲ. ಒಳಕೋಣೆಯ ಗೋಡೆಗೆ ಒರಗಿ ಕುಳಿತಿದ್ದ ನೀಲಾಳಿಗೆ ಆ ದನಿ ಕೇಳಿಸಿತ್ತು. ಬಾಯಿಗುರುತು ಹುಟ್ಟಿದ್ದು ಅಲ್ಲಿ.

"ನಾ ತಪ್ಪಿದ್ದು ಖರೆ," ಎಂದಳು ನೀಲಾ. "ಮೊದಲು ನಾ ಹೇಳ್ತೀನಿ."

"ಏನ ಹೇಳ್ತೀ?"

"ಕೇಳ್ರಿ."

ಮೂರು ಗಂಟೆಗೆ ಹತ್ತು ನಿಮಿಷವಿದ್ದಾಗ ಫರ್ಜಾನಾಳ ಫೋನು ಬಂತು. ಗಿರಣಿಯಲ್ಲಿ ಹುಡುಗಿಯರೆಲ್ಲ ಊಟ ಬಿಟ್ಟು ಕೂತಿದ್ದರಂತೆ. "ಎಳಿ ಹಿಂದಕ್ಕ ಬರಾಕತ್ತೈತಿ, ಅಕ್ಕಾ! ನನ್ನ ಒಂದು ಸುಳ್ಳಿನ ಮ್ಯಾಲ ಪರೀಕ್ಷಾ ಮಾಡೀನಿ. ಹೋದ ವಾರ ನನ್ನ ಬಿರಿಯಾನಿ ಅಂತ ಹೇಳಿ ಕಳಿಸಿದ್ದು ನಮ್ಮ ನಾದಿನಿ ಮಾಡಿದ್ದು ಅಂತ ಈಗ ಎಲ್ಲಾರಿಗೂ ಗೊತ್ತಾತು."

ನೀಲಾ ಪರಾತದ ಅಂಚು ಮುಟ್ಟಿದಳು. ನಲವತ್ತು ಹೆಂಗಸರ ಮುಂದೆ, ಕೈಯಲ್ಲಿದ್ದ ಫೋನಿನಲ್ಲಿ, ಏಳು ವರ್ಷದ ಹಿಂದೆ ಬಾಯಿಗುರುತಿನಲ್ಲಿ ತಾನೇ ಕಳಿಸಿದ್ದ ರೈಲಿನ ಕಥೆಯನ್ನು ತೆರೆದು ಮಾತಾಡಿದಳು. "ನಾನು ನೀಲಾಂಬಿಕಾ ಅಂಗಡಿ. ಬಾಯಿಗುರುತಿನ ವಿಚಾರ ರೈಲಿನಲ್ಲಿ ನನಗೆ ಹೊಳೆಯಿತು ಅಂದಿದ್ದೆ. ಅದು ನಿಜವಲ್ಲ. ಹಳೇ ಹುಬ್ಬಳ್ಳಿಯ ರೊಟ್ಟಿ ಕೇಂದ್ರದಲ್ಲಿ ಕೇಳಿದ್ದು. ನನ್ನ ಅತ್ತೆ ಶಿವಗಂಗವ್ವನವರ ಬಾಯಿಂದ ಕೇಳಿದ್ದು."

ಹೇಳಿ ಮುಗಿಸಿದಾಗ ಅವಳ ಎದೆ ಹಗುರಾಗಿತ್ತು. ಏಳು ವರ್ಷದಿಂದ ಹೊತ್ತ ಒಂದು ಮೂಟೆಯನ್ನು ಯಾರೋ ಇಳಿಸಿಕೊಂಡ ಹಾಗೆ.

ಶಿವಗಂಗವ್ವ ಸೊಸೆಯ ಮುಖ ನೋಡಿದಳು. ಆಮೇಲೆ ಎದುರಿಗಿದ್ದವಳತ್ತ ತಿರುಗಿದಳು. "ಬಸಲಿಂಗಿ, ಸಿಟ್ಟಾಗ್ತೀ?"

"ಸಿಟ್ಟಾಗಾಕ ನನ್ನ ಕಡೆ ಹೊತ್ತಿಲ್ಲ. ಕೂಸಿನ ತಾಯಿ ಆ ಟ್ಯಾಂಕರ್ ನೀರು ಕುಡಿಯಾಕತ್ತಾಳ. ಹೇಳವ್ವ ನೀನು, ಲಗೂನ ಹೇಳು."

ಮುದುಕಿ ಫೋನಿಗೆ ಬಾಯಿ ಹತ್ತಿರ ತಂದಳು. ರೊಟ್ಟಿ ಬಡಿಯುವಷ್ಟೇ ಗಟ್ಟಿಯಾಗಿ ಅಂದಳು: "ನಾ ಶಿವಗಂಗವ್ವ ಅಂಗಡಿ. ಕೂಸು ಅಳೂದು ಕಂಡೀನಿ. ನೀರಿನಿಂದ ಅನ್ನೂದು ಕಂಡಿಲ್ಲ, ಕೇಳೀನಿ. ಕಂಡೀನಿ ಅಂದಿದ್ದು ನನ್ನ ತಪ್ಪು."

ಗೋಡೆಯ ಮೇಲೆ ಆಮೇಲೆ ಆದದ್ದನ್ನು ನೀಲಾ ಹೆಂಗಸರ ಮಧ್ಯೆ ಕುಳಿತು ಫೋನಿನ ಪುಟ್ಟ ಪರದೆಯ ಮೇಲೆಯೇ ನೋಡಿದಳು. ಬುಡದ ಚುಕ್ಕಿ ಒಮ್ಮೆ ಮಿನುಗಿತು. ಅದರ ಕೆಳಗೆ, ಇಷ್ಟು ದಿನ ಕತ್ತಲಿದ್ದಲ್ಲಿ, ಬೇರು ಇಳಿಯತೊಡಗಿತು. ಬಸಲಿಂಗವ್ವ: ಕೇಳೀನಿ. ಅವಳ ತಮ್ಮನ ಮಗ: ಕೇಳೀನಿ. ಅವನ ಕೆಳಗೆ ಕೊನೆಯ ಚುಕ್ಕಿ. ಅದರ ಮುಂದೆ ಬೇರಿಲ್ಲ.

"ಒತ್ತು," ಎಂದಳು ಶಿವಗಂಗವ್ವ.

ಗುಂಡನೆಯ, ಎಣ್ಣೆ ಸವರಿದಂಥ ದನಿಯೊಂದು ಹಾಲ್ ತುಂಬಿತು. "ನಾನು ಟ್ಯಾಂಕರ್ ಮಾಲೀಕರ ಸಂಘದ ಅಧ್ಯಕ್ಷ ಈರಪ್ಪ ಸಂಕನಾಳ. ಗೋಪುರದ ನೀರು ಕುಡಿದರೆ ಬಾಣಂತಿಯರ ಹಾಲು ಬತ್ತುತ್ತದೆ. ಕಂಡಿದ್ದೇನೆ."

ಅರೆಗಳಿಗೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನಕ್ಕವಳು ಬಸಲಿಂಗವ್ವ. "ಯವ್ವಾ, ಇಂವ ಅಂವ ಅಲ್ಲೇನ! ಮುಂಜಾನಿಂದ ಸಂಜೀತನಾ ಸಚಿವರ ಪ್ರಚಾರದ ಆಟೋ ಮ್ಯಾಲಿಂದ ನಮ್ಮ ಓಣ್ಯಾಗ ಒದರತಾನಲ್ಲ, 'ತಾಯಂದಿರೇ, ತಂಗಿಯರೇ' ಅಂತ!"

ಹೌದು. ಒಂದು ತಿಂಗಳಿಂದ ಧ್ವನಿವರ್ಧಕದಲ್ಲಿ ಊರಿನ ಕಿವಿ ತುಂಬಿದ್ದ ದನಿ ಅದೇ. ಅದು ಯಾರದೆಂದು ಹುಬ್ಬಳ್ಳಿಯಲ್ಲಿ ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ.

ಆ ಮಧ್ಯಾಹ್ನ ಎಳೆಗಳು ಹಿಂದಕ್ಕೆ ಬಂದ ಬಗೆಯನ್ನು ಫರ್ಜಾನಾ ಈಗಲೂ ಹೇಳುತ್ತಾಳೆ. ಒಬ್ಬ ಮುದುಕಿ ತಪ್ಪೊಪ್ಪಿಕೊಂಡದ್ದೇ ತಡ, ಅವಳಿಂದ ಕೇಳಿದವರು, ಅವರಿಂದ ಕೇಳಿದವರು, ಅಂಕೋಲೆಯ ಮೀನು ಮಾರುವವಳು, ಕಲಬುರಗಿಯ ಮೇಷ್ಟ್ರು, ಗದಗದ ದರ್ಜಿ, ಕೇಳಿ ದಾಟಿಸಿದ್ದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಒಬ್ಬೊಬ್ಬರೇ ಬಾಯಿ ತೆರೆದರು. ಕಂಡಿಲ್ಲ, ಕೇಳಿದ್ದೆ. ಕಂಡಿಲ್ಲ, ಕೇಳಿದ್ದೆ. ಹಂಗಿಸುವವರು ಯಾರೂ ಇರಲಿಲ್ಲ. ಎಲ್ಲರೂ ಅದೇ ಮಾತು ಹೇಳುತ್ತಿದ್ದರು. ಮಾತು ಹಿಂದಕ್ಕೆ ಬಂದಲ್ಲೆಲ್ಲ ಗೋಡೆ ತುಂಬಿದ್ದ ಮರ ಎಲೆ ಎಲೆಯಾಗಿ ಬಿಳಿಯಾಗುತ್ತ ಬಂತು. ನಾಲ್ಕೂವರೆಗೆ ಸಂಕನಾಳನ ಮನೆಯ ಮುಂದೆ ಇನ್ನೂರು ಹೆಂಗಸರು ಖಾಲಿ ಕೊಡ ಹಿಡಿದು ನಿಂತಿದ್ದರು. ಬಯ್ಯಲಿಲ್ಲ, ಕಲ್ಲು ಎತ್ತಲಿಲ್ಲ. ಒಂದೇ ಪ್ರಶ್ನೆ: "ಯಾರ ಹಾಲು, ಎಲ್ಲಿ, ಯಾವಾಗ ಕಂಡ್ರಿ, ಅಣ್ಣಾರ?" ಅವನ ಮನೆಯ ಬಾಗಿಲು ತೆರೆಯಲೇ ಇಲ್ಲ.

ಐದು ಗಂಟೆಗೆ ನೀಲಾ ಕೇಂದ್ರದಲ್ಲೇ ಇದ್ದಳು. ಗಡಿಯಾರದ ಮುಳ್ಳು ದಾಟಿತು. ಜಾಲ ನಿಲ್ಲಲಿಲ್ಲ. ಐದೂ ಹತ್ತಕ್ಕೆ ಸುದರ್ಶನ್ ಫೋನು ಮಾಡಿದರು. ತಣ್ಣಗಿನ ದನಿ ಎಲ್ಲೋ ಬೆವೆತಿತ್ತು.

"ಮೇಡಂ, ಆ ಆದೇಶವನ್ನು ವಾಪಸ್ ತೆಗೆದುಕೊಳ್ಳಲಾಗಿದೆ. ಸಚಿವರಿಗೂ ಆ ಸಂಕನಾಳನಿಗೂ ಯಾವ ಸಂಬಂಧವೂ ಇಲ್ಲ ಅಂತಲೂ ತಿಳಿಸೋಕೆ ಹೇಳಿದ್ದಾರೆ."

"ಸರ್, ಅದನ್ನು ನೀವು ಕಂಡಿದ್ದೋ, ಕೇಳಿದ್ದೋ?"

ಆ ಕಡೆ ಕಾಗದ ಸರಿಸುವ ಸದ್ದಾಯಿತು.

"ಕೇಳಿದ್ದಾದರೆ ಯಾರ ಬಾಯಿಂದ ಅಂತ ಹೆಸರು ಹೇಳಿ ಬಾಯಿಗುರುತಿನಲ್ಲಿ ಕಳಿಸಿ. ನಾವೇ ಊರಿಗೆಲ್ಲ ಮುಟ್ಟಿಸುತ್ತೇವೆ," ಎಂದು ನೀಲಾ ಫೋನು ಇಟ್ಟಳು. ಕೇಂದ್ರದ ಮಾಡಿನ ಹಂಚು ಹಾರಿಹೋಗುವಂತೆ ನಲವತ್ತು ಹೆಂಗಸರು ನಕ್ಕರು.

ಸಂಜೆಯ ರೊಟ್ಟಿ ಇನ್ನೂ ಬಾಕಿ ಇತ್ತು. ಬಸಲಿಂಗವ್ವ ಮೊಮ್ಮಗನ ಮನೆಗೆ ಹೋಗಿದ್ದಳು. ಗೋಪುರದ ನೀರನ್ನು ತಾನೇ ಮೊದಲು ಕುಡಿದು, ಆಮೇಲೆ ಆ ಬಾಣಂತಿಗೆ ಕುಡಿಸಿ ಬರುತ್ತೇನೆಂದು. ಶಿವಗಂಗವ್ವನ ಎದುರಿನ ಜಾಗ ಖಾಲಿ ಇತ್ತು. ನೀಲಾ ಸೆರಗು ಸಿಕ್ಕಿಸಿ ಅಲ್ಲಿ ಕುಳಿತಳು. ಹಿಟ್ಟಿನ ಉಂಡೆಯೊಂದನ್ನು ಎತ್ತಿಕೊಂಡು ಬಡಿಯತೊಡಗಿದಳು. ಮೂರನೇ ಏಟಿಗೆ ಅಂಚು ಸೀಳಿತು, ಐದನೆಯದಕ್ಕೆ ನಡುವೆ ತೂತು ಬಿತ್ತು.

ಅತ್ತೆ ಕಣ್ಣ ಕೊನೆಯಿಂದ ನೋಡಿದಳು. "ದೊಡ್ಡ ಕಂಪನಿ ಕಟ್ಟಿದಿ. ಒಂದು ರೊಟ್ಟಿ ಬಡಿಯಾಕ ಬರಂಗಿಲ್ಲ ನಿನಗ."

"ಯಾರು ಹೇಳಿದ್ರು ನಿಮಗ?"

"ಯಾರ್ಯಾಕ ಹೇಳ್ಬೇಕು?" ಶಿವಗಂಗವ್ವ ಹರಿದ ರೊಟ್ಟಿಯನ್ನು ಹುಷಾರಾಗಿ ಎತ್ತಿ, ತೂತಿಗೆ ಬೆರಳಿನಿಂದ ಚೂರು ಹಿಟ್ಟು ಒತ್ತಿ, ಹಂಚಿನ ಮೇಲೆ ಹಾಕಿದಳು. "ಕಂಡೀನಿ."